ನಾಣ್ಯದ ಮೇಲಿನ ನಾಯಿ

ರೋಮನ್ ನಾಣ್ಯ ಅಂದರೆ ಯಾರೋ ಚಕ್ರವರ್ತಿಯ ಮುಖ ಅಂತಲೇ ನಾನು ಅಂದುಕೊಂಡಿದ್ದೆ. ಮೊನ್ನೆ ರಾತ್ರಿ ನಿದ್ದೆ ಬಾರದೆ ಮೊಬೈಲಿನಲ್ಲಿ ಸುಮ್ನೆ ಒಂದು ನಾಣ್ಯದ ಚಿತ್ರ ದೊಡ್ಡದು ಮಾಡಿ ನೋಡಿದೆ. ನಾಯಿ!

ಕ್ರಿ.ಪೂ. 82ರ ಬೆಳ್ಳಿಯ ದಿನಾರಿಯಸ್. ಸಂಸ್ಕೃತದ 'ದೀನಾರ' ಹುಟ್ಟಿದ್ದು ಇದೇ ಹೆಸರಿನಿಂದ. ತೂಕ ನಾಲ್ಕು ಗ್ರಾಂ ಆಸುಪಾಸು, ಅಂಚಿನ ಸುತ್ತ ಗರಗಸದ ಹಲ್ಲಿನ ಹಾಗೆ ಕಚ್ಚು. ಒಂದು ಕಡೆ ಮರ್ಕ್ಯುರಿ ದೇವರು. ಇನ್ನೊಂದು ಕಡೆ ಕೋಲು ಹಿಡಿದ ಯುಲಿಸಿಸ್, ಎದುರಿಗೆ ತಲೆ ಎತ್ತಿ ನಿಂತ ಅವನ ನಾಯಿ ಆರ್ಗಸ್.

ಗ್ರೀಕ್ ಕವಿ ಹೋಮರನ ಕತೆ ಗೊತ್ತಲ್ವಾ? ಟ್ರಾಯ್ ಯುದ್ಧಕ್ಕೆ ಹೋಗಿದ್ದ ಯುಲಿಸಿಸ್ ಇಪ್ಪತ್ತು ವರ್ಷದ ಮೇಲೆ ಭಿಕ್ಷುಕನ ವೇಷದಲ್ಲಿ ಮನೆಗೆ ಬರುತ್ತಾನೆ. ಯಾರಿಗೂ ಗುರುತು ಸಿಗುವುದಿಲ್ಲ. ತಿಪ್ಪೆಯ ಮೇಲೆ ಬಿದ್ದಿದ್ದ ಮುದಿ ನಾಯಿಗೆ ಮಾತ್ರ ಸಿಗುತ್ತದೆ. ಬಾಲ ಆಡಿಸುತ್ತದೆ, ಏಳಲು ಆಗುವುದಿಲ್ಲ. ಗುಟ್ಟು ರಟ್ಟಾದೀತೆಂದು ಅವನು ಹತ್ತಿರ ಹೋಗದೆ, ಕಣ್ಣೀರು ಮರೆಸಿ ಮುಂದೆ ನಡೆಯುತ್ತಾನೆ. ನಾಯಿ ಅಲ್ಲೇ ಸಾಯುತ್ತದೆ.

ನಾಣ್ಯದಲ್ಲಿ ಹಾಗಿಲ್ಲ. ನಾಯಿ ಎದ್ದು ನಿಂತಿದೆ. ಅವನು ಅದರ ಕಡೆಗೆ ಕೈ ಚಾಚಿದ್ದಾನೆ. ಅಚ್ಚು ಕೆತ್ತಿದವನಿಗೂ ಮನೆಯಲ್ಲೊಂದು ನಾಯಿ ಇದ್ದಿರಬೇಕು ಅಂತ ನನಗನ್ನಿಸಿತು.

ಇದನ್ನು ಹೊರಡಿಸಿದ ಟಂಕಸಾಲೆ ಅಧಿಕಾರಿ ಗಾಯಸ್ ಮಾಮಿಲಿಯಸ್ ಲಿಮೆಟಾನಸ್. ಯುಲಿಸಿಸ್‌ಗೆ ಮಾಟಗಾತಿ ಸರ್ಸಿಯಲ್ಲಿ ಹುಟ್ಟಿದ ಟೆಲಿಗೋನಸ್‌ನ ವಂಶದವರು ನಾವು ಅಂತ ಇವನ ಮನೆತನದವರು ಹೇಳಿಕೊಳ್ಳುತ್ತಿದ್ದರು. ತಮಾಷೆ ಏನೆಂದರೆ, ಆ ಟೆಲಿಗೋನಸ್ಸೇ ಗೊತ್ತಿಲ್ಲದೆ ಅಪ್ಪನನ್ನು ಕೊಂದ ಎಂಬ ಕತೆಯೂ ಇದೆ. ನಮ್ಮ ಬಭ್ರುವಾಹನನೂ ಅಪ್ಪ ಅರ್ಜುನನನ್ನು ಕೊಂದ, ಆದರೆ ಗೊತ್ತಿದ್ದೇ. ಆ ಭಾಗವನ್ನು ಮಾತ್ರ ಯಾರೂ ನಾಣ್ಯಕ್ಕೆ ಹಾಕಿಸಲಿಲ್ಲ!

ವಂಶದ ಜಂಬ ಸೀಸರನಿಗೂ ಕಮ್ಮಿ ಇರಲಿಲ್ಲ. ಕ್ರಿ.ಪೂ. 47-46ರ ಅವನ ನಾಣ್ಯದಲ್ಲಿ ಒಂದು ಕಡೆ ವೀನಸ್ ದೇವಿ, ಇನ್ನೊಂದು ಕಡೆ ಅವಳ ಮಗ ಏನಿಯಸ್, ಶ್ರವಣಕುಮಾರನಂತೆ ಮುದಿ ತಂದೆಯನ್ನು ಹೊತ್ತು ಉರಿಯುವ ಟ್ರಾಯ್ ಬಿಟ್ಟು ಹೊರಟವನು. ಪಕ್ಕದಲ್ಲೇ ಉದ್ದಕ್ಕೆ 'ಸೀಸರ್' ಅಂತ ಹೆಸರು. ನಾನು ದೇವಿಯ ಕುಲದವನು, ತಿಳ್ಕೊಳ್ಳಿ ಅಂತ. ಹೊಯ್ಸಳರು ತಾವು ಯದುವಂಶದವರು ಅಂತ ಶಾಸನಗಳಲ್ಲಿ ಬರೆಸಿಕೊಂಡರು, ಇವನು ನಾಣ್ಯದಲ್ಲಿ. ಜನರ ಕೈಗೆ ಬೇಗ ತಲುಪಿದ್ದು ಇವನದ್ದೇ. ಆದರೂ ನನ್ನ ಓಟು ನಾಯಿಗೆ. ಸೀಸರನ ನಾಣ್ಯದಲ್ಲಿ ರಾಜಕೀಯ ಜಾಸ್ತಿ.

1891ರಲ್ಲಿ ನಮ್ಮ ಯಶವಂತಪುರದಲ್ಲೂ 163 ರೋಮನ್ ಬೆಳ್ಳಿ ನಾಣ್ಯ ಸಿಕ್ಕಿದ್ದವು. ಅಗಸ್ಟಸ್, ಟೈಬೀರಿಯಸ್ ಮುಂತಾದವರ ಕಾಲದವು. ಅಷ್ಟು ಹೊತ್ತಿಗೆ ಚಕ್ರವರ್ತಿಗಳ ಮುಖವೇ ನಾಣ್ಯ ತುಂಬಿಕೊಂಡಿತ್ತು. ಆರ್ಗಸ್‌ನನ್ನು ಅಲ್ಲಿ ಹುಡುಕಬೇಡಿ.