ಗ್ಯಾಲನ್ನಿಗೆ 20, ಇಳಿಜಾರಿನಲ್ಲಿ

ಡಲ್ಲಾಸಿನಲ್ಲಿರುವ ಅಳಿಯ ಪಿಕಪ್ ಟ್ರಕ್ ಕೊಂಡ ಸುದ್ದಿ ಹಾಸನಕ್ಕೆ ಮುಟ್ಟಿದರೆ ಮಾವನಿಂದ ಬರುವ ಮೊದಲ ಪ್ರಶ್ನೆ: ‘ಅಳಿಯಂದ್ರೇ, ಎಷ್ಟು ಕೊಡುತ್ತೆ?’ ಅಳಿಯ ‘20’ ಅನ್ನುತ್ತಾನೆ. ‘ಪರವಾಗಿಲ್ಲ ಕಣ್ರೀ, ಅಷ್ಟು ದೊಡ್ಡ ಗಾಡಿಗೆ!’ ಎಂದು ಮಾವನಿಗೆ ಸಂತೋಷ. ಇಲ್ಲಿ ಯಾರೂ ಸುಳ್ಳು ಹೇಳಿಲ್ಲ. ಮಾವನ 20 ಎಂದರೆ ಲೀಟರಿಗೆ ಕಿಲೋಮೀಟರು, ಅಳಿಯನ 20 ಎಂದರೆ ಗ್ಯಾಲನ್ನಿಗೆ ಮೈಲಿ. ಅಮೆರಿಕದ ಗ್ಯಾಲನ್ 3.785 ಲೀಟರು. 0.425ರಿಂದ ಗುಣಿಸಿದರೆ ಅಳಿಯನ 20 ಕರಗಿ 8.5 ಆಗುತ್ತದೆ. ಗುಣಿಸದಿದ್ದರೆ ಎರಡೂ ಮನೆಗೆ ನೆಮ್ಮದಿ.

ಆ 20 ಆದರೂ ನಿಜವೇ? ಅದು ಷೋರೂಮಿನಲ್ಲಿ ಗಾಜಿಗೆ ಅಂಟಿಸಿದ್ದ ಸರ್ಕಾರಿ ಮೈಲೇಜ್ ಚೀಟಿಯದು. ಚೀಟಿಯ ಬೆನ್ನೆಲುಬಾದ ಹಳೆಯ ಹೈವೇ ಪರೀಕ್ಷೆಯ ಸರಾಸರಿ ವೇಗ ಗಂಟೆಗೆ 48 ಮೈಲಿ, ಗರಿಷ್ಠ 60. 2008ರ ಮಾಡೆಲ್‌ಗಳಿಂದ ಈಚೆಗೆ ವೇಗ, ಎ.ಸಿ., ಚಳಿ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದು ಅಂಕಿಯನ್ನು ತಗ್ಗಿಸಿದ್ದಾರೆ, ನಿಜ. ಆದರೆ ಪಶ್ಚಿಮ ಟೆಕ್ಸಾಸಿನ ಐ-10 ಹೆದ್ದಾರಿಯಲ್ಲಿ ವೇಗದ ಮಿತಿಯೇ 80. ಅಲ್ಲಿ 60ರಲ್ಲಿ ಹೋಗುವವನನ್ನು ಹಿಂದಿನ ಲಾರಿಯವನು ಹಾರ್ನ್ ಹೊಡೆದೇ ಮುಂದಕ್ಕೆ ತಳ್ಳುತ್ತಾನೆ. ಫೋರ್ಡ್ ಎಫ್-250ರಂಥ ಭಾರೀ ಪಿಕಪ್ಪುಗಳಿಗಂತೂ ಚೀಟಿಯಲ್ಲಿ ಮೈಲೇಜಿನ ಅಂಕಿಯೇ ಇಲ್ಲ. ಸರಕುಸಮೇತ ತೂಕದ ಮಿತಿ 8,500 ಪೌಂಡ್ ದಾಟಿದ ಪಿಕಪ್ಪಿಗೆ ಆ ಚೀಟಿಯ ನಿಯಮ ಅನ್ವಯಿಸುವುದಿಲ್ಲ. ದೊಡ್ಡವರ ಊಟವನ್ನು ಯಾರೂ ಎಣಿಸಬಾರದು ತಾನೇ!

ವೇಗ ಹೆಚ್ಚಿದಷ್ಟೂ ಊಟದ ಹೆಚ್ಚು ಪಾಲು ಗಾಳಿಯ ಹೊಟ್ಟೆಗೆ. ಪಿಕಪ್ಪಿನ ಮೂತಿ ಗೋದಾಮಿನ ಬಾಗಿಲಿನಷ್ಟಿರುತ್ತದೆ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. 65ರಿಂದ 80ಕ್ಕೆ ಹೋದರೆ ವೇಗ 23% ಹೆಚ್ಚು, ತಡೆ ಸುಮಾರು 51% ಹೆಚ್ಚು. ಟೈರಿನ ಉರುಳು ತಡೆ ಅಷ್ಟು ಏರದ ಕಾರಣ ಪೆಟ್ರೋಲು ಒಂದೂವರೆ ಪಟ್ಟು ಆಗುವುದಿಲ್ಲ, ಆದರೂ 20 ಕೊಡುತ್ತಿದ್ದದ್ದು 16ಕ್ಕೆ ಇಳಿದರೆ ಮೆಕ್ಯಾನಿಕ್ಕನ್ನು ಬೈಯುವಂತಿಲ್ಲ. 300 ಮೈಲಿಯ ದಾರಿಯಲ್ಲಿ 80ರಲ್ಲಿ ಓಡಿಸಿದವನಿಗೆ 52 ನಿಮಿಷ ಉಳಿತಾಯ, ಮೂರೂಮುಕ್ಕಾಲು ಗ್ಯಾಲನ್ ಹೆಚ್ಚು ಖರ್ಚು. ಆ 52 ನಿಮಿಷ ಪಂಪಿನ ಅಂಗಡಿಯಲ್ಲಿ ಚಿಪ್ಸ್ ಆರಿಸುವುದರಲ್ಲಿ ಮುಗಿಯುತ್ತದೆ.

ಆಮೇಲೆ ಉಪಾಯಗಳು ಶುರು. ಗಾಳಿ ಸಲೀಸಾಗಿ ಹೋಗಲೆಂದು ಟೇಲ್‌ಗೇಟ್, ಅಂದರೆ ಹಿಂಬಾಗಿಲು, ಇಳಿಸುವುದು ಹಳೆಯ ಮದ್ದು. ಮುಚ್ಚಿದ್ದಾಗ ಬೆಡ್ಡಿನೊಳಗೆ (ಸಾಮಾನು ಹಾಕುವ ಹಿಂದಿನ ತೊಟ್ಟಿಯೊಳಗೆ) ಗಾಳಿಯ ಸುಳಿಯೊಂದು ದಿಂಬಿನಂತೆ ಕೂತಿರುತ್ತದೆ, ಮೇಲಿನ ಗಾಳಿ ಅದರ ಮೇಲೆ ಜಾರಿ ಹೋಗುತ್ತದೆ. ಇಳಿಸಿದರೆ ದಿಂಬು ಹೋಯಿತು, ಸಾಮಾನ್ಯವಾಗಿ ಮೈಲೇಜೂ ಹೋಯಿತು. ಕಟ್ಟದೆ ಬಿಟ್ಟಿದ್ದ ಕೂಲರ್ ಬಾಕ್ಸೂ ಹೋಯಿತು. ಬೆಡ್ಡಿನ ಮೇಲೆ ಚಪ್ಪಟೆ ಹೊದಿಕೆ ಹಾಕಿದರೆ ತುಸು ಲಾಭ ಉಂಟು, ಹೊದಿಕೆಯ ಬೆಲೆ ಹುಟ್ಟಬೇಕಾದರೆ ಮೊಮ್ಮಕ್ಕಳ ಕಾಲ ಬರಬೇಕು.

32 ಇಂಚಿನ ಟೈರು ಕಿತ್ತು 35 ಇಂಚಿನದು ಹಾಕಿಸಿದವನ ಕಥೆ ಬೇರೆ. ಟೈರಿನ ಒಂದೊಂದು ಸುತ್ತಿಗೆ ಗಾಡಿ 9% ಹೆಚ್ಚು ದೂರ ಹೋಗುತ್ತದೆ, ಓಡೋಮೀಟರಿಗೆ ಅದು ಗೊತ್ತೇ ಇಲ್ಲ. 300 ತೋರಿಸಿದಾಗ ಓಡಿರುವುದು ಸುಮಾರು 328. ಕಂಪ್ಯೂಟರಿಗೆ ಹೊಸ ಅಳತೆ ತಿಳಿಸುವ ತನಕ ಮೈಲೇಜು ಇರುವುದಕ್ಕಿಂತ ಕೆಟ್ಟದಾಗಿ ಕಾಣುತ್ತದೆ. 70 ಎಂದುಕೊಂಡು ಸುಮಾರು 77ರಲ್ಲಿ ಹೋಗುತ್ತಿರುವವನಿಗೆ ಇದನ್ನು ಪೊಲೀಸರೇ ಮೊದಲು ತಿಳಿಸುವುದುಂಟು.

ಮೈಲೇಜು ಮೆರೆಸುವ ಡ್ಯಾಷ್‌ಬೋರ್ಡಿನ ಫೋಟೋ ನಂಬಬೇಡಿ. ಡೆನ್ವರಿನಲ್ಲಿ ಮೀಟರು ಸೊನ್ನೆಗೆ ತಂದು ಐ-70ರಲ್ಲಿ ಕ್ಯಾನ್ಸಾಸ್ ಸಿಟಿಗೆ ಹೊರಟವನು 4,000 ಅಡಿಗಿಂತ ಹೆಚ್ಚು ಇಳಿಯುತ್ತಾನೆ. ಫೋಟೋ ಆ ದಿನದ್ದು. ವಾಪಸು ಹತ್ತಿ ಬರುವಾಗ ಫೋನಿನಲ್ಲಿ ಚಾರ್ಜೇ ಇರುವುದಿಲ್ಲ. ಸರಿಯಾದ ಲೆಕ್ಕಕ್ಕೆ ಅದೇ ಪಂಪು, ಅದೇ ದಿಕ್ಕು, ನಳಿಕೆ ಮೊದಲ ಸಲ ‘ಟಕ್’ ಅಂದಾಗ ನಿಲ್ಲಿಸುವುದು. ಮೂರು ನಾಲ್ಕು ಟ್ಯಾಂಕಿನ ಮೈಲಿ ಕೂಡಿಸಿ, ಕುಡಿದ ಗ್ಯಾಲನ್‌ಗಳಿಂದ ಭಾಗಿಸುವುದು. ಇನ್ನೂ ಎರಡು ಹನಿ ಎಂದು ಒತ್ತಿದರೆ ಪೆಟ್ರೋಲು ಆವಿ ಹಿಡಿಯುವ ಇದ್ದಿಲ ಡಬ್ಬಿಗೆ ನುಗ್ಗಿ, ಎಂಜಿನ್ ದೀಪ ಹತ್ತಿ, ಉಳಿಸಿದ್ದೆಲ್ಲ ಗ್ಯಾರೇಜಿಗೆ ಹೋಗುತ್ತದೆ. ಎಥನಾಲ್ ಮಿಶ್ರಣಕ್ಕೂ ಒಗ್ಗುವ ಹಳದಿ ಮುಚ್ಚಳದ ಗಾಡಿಗೆ ಅಗ್ಗವೆಂದು ಇ85 (ಎಥನಾಲ್ ಹೆಚ್ಚಿರುವ ಪೆಟ್ರೋಲು) ತುಂಬಿಸಿದರೆ ಮೈಲೇಜಿನಲ್ಲಿ ಕಾಲು ಭಾಗ ಕಳೆದುಕೊಳ್ಳಲು ಸಿದ್ಧರಾಗಿರಿ.

ರಜೆಗೆ ಎತ್ತರದ ಕ್ಯಾಂಪರ್ ಟ್ರೇಲರ್ ಕಟ್ಟಿದಾಗ ಲೆಕ್ಕವೆಲ್ಲ ತಲೆಕೆಳಗು: 9 ಬಂದರೂ ಪುಣ್ಯ. ಸಮತಟ್ಟಿನ ರಸ್ತೆಯಲ್ಲಿ ತೂಕಕ್ಕಿಂತ ಅದರ ಗೋಡೆಯಂಥ ಎದೆಯೇ ಹೆಚ್ಚು ಕುಡಿಯುತ್ತದೆ. ಈ ಸಲ ಅಳಿಯ ಪ್ರಾಮಾಣಿಕನಾಗಿ ಗುಣಿಸಿ ‘ಲೀಟರಿಗೆ 3.8’ ಎಂದರೆ ಹಾಸನದಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ: ‘ನಮ್ಮ ಕೆಂಪು ಬಸ್ಸು ಐದರ ಹತ್ತಿರ ಕೊಡುತ್ತೆ ಅಳಿಯಂದ್ರೇ. ಅದರಲ್ಲಿ ಐವತ್ತು ಜನ ಕೂರ್ತಾರೆ.’