ಸಿಟ್ಟಿನ ಹೆಸರು, ಸಿಟ್ಟಿಲ್ಲದ ಬ್ಯಾಂಡ್

ಕೆಲಸದಿಂದ ತೆಗೆದವರ ಮೇಲೆ ಹಲ್ಲು ಕಡಿಯುವವರು ಬಹಳ. ಆ ಸಿಟ್ಟನ್ನೇ ನಾಮಫಲಕ ಮಾಡಿಕೊಂಡವನು ಲಿವರ್‌ಪೂಲ್‌ನ ಡ್ರಮ್ಮರ್ ಏನ್ಸ್ಲಿ ಡನ್ಬಾರ್. 1967ರಲ್ಲಿ, ಅಮೆರಿಕದ ಕಪ್ಪುಜನರ ಬ್ಲೂಸ್ ಸಂಗೀತವನ್ನು ಇಂಗ್ಲೆಂಡಿನಲ್ಲಿ ನುಡಿಸುತ್ತಿದ್ದ ಜಾನ್ ಮೇಯಲ್ ತನ್ನ ‘ಬ್ಲೂಸ್‌ಬ್ರೇಕರ್ಸ್’ ತಂಡದಿಂದ ಅವನನ್ನು ಕೈಬಿಟ್ಟ. ಅದೇ ವರ್ಷ ‘ದಿ ಏನ್ಸ್ಲಿ ಡನ್ಬಾರ್ ರಿಟ್ಯಾಲಿಯೇಷನ್’ ಎಂಬ ಬ್ಯಾಂಡ್ ಹುಟ್ಟಿತು. ಡನ್ಬಾರನ ಪ್ರತೀಕಾರ! ಯಾರ ಮೇಲೆ ಎಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಮೊದಲ ಆಲ್ಬಮ್‌ನ ಕೊನೆಗೆ ‘ಮ್ಯೂಟಿನಿ’ ಎಂಬ ರಚನೆ ಬೇರೆ. ದಂಗೆ ಇನ್ನೂ ಆರಿರಲಿಲ್ಲ ಎನ್ನಿ.

ಡನ್ಬಾರ್ ಎದ್ದ ಜಾಗದಲ್ಲಿ ಕುಳಿತವನು ಮಿಕ್ ಫ್ಲೀಟ್‌ವುಡ್. ಕುಡಿತದ ಕಾರಣಕ್ಕೆ ಕೆಲವೇ ವಾರಗಳಲ್ಲಿ ಅವನನ್ನೂ ಮೇಯಲ್ ಮನೆಗೆ ಕಳುಹಿಸಿದ. ಅಲ್ಲಿಂದಲೇ ಹೊರಬಂದ ಗಿಟಾರ್ ವಾದಕ ಪೀಟರ್ ಗ್ರೀನ್ ತನ್ನ ಹೊಸ ಬ್ಯಾಂಡಿಗೆ ಡ್ರಮ್ಮರ್ ಫ್ಲೀಟ್‌ವುಡ್ ಮತ್ತು ಬೇಸ್ ವಾದಕ ಜಾನ್ ಮೆಕ್‌ವೀ ಇಬ್ಬರ ಹೆಸರನ್ನು ಜೋಡಿಸಿದ. ಮೆಕ್‌ವೀ ಆಗಿನ್ನೂ ಮೇಯಲ್ ಬಳಿಯೇ ಇದ್ದ! ಆರಂಭದಲ್ಲಿ ಮುಂದೆ ಗ್ರೀನ್ ಹೆಸರೂ ಅಂಟಿಕೊಂಡಿತ್ತು, ನಿಜ. ಆದರೆ 1970ರಲ್ಲಿ ಗ್ರೀನ್ ಹೊರಟುಹೋದರೂ ‘ಫ್ಲೀಟ್‌ವುಡ್ ಮ್ಯಾಕ್’ ನಡೆಯಿತು. ಡನ್ಬಾರನ ಬ್ಯಾಂಡಿಗೆ ಅಂಥ ಅವಕಾಶವೇ ಇರಲಿಲ್ಲ. ಹೆಸರೂ ಅವನದೇ, ಜಗಳವೂ ಅವನದೇ. ಉಳಿದವರು ಅದನ್ನು ಮುಂದುವರಿಸುವುದಾದರೂ ಹೇಗೆ?

ಇದು ಆ ಉಳಿದವರಿಗೆ ಆದ ಅನ್ಯಾಯ ಎಂದೇ ನನ್ನ ಅಭಿಪ್ರಾಯ. ರಿಟ್ಯಾಲಿಯೇಷನ್‌ನ ಗಾಯಕ ವಿಕ್ಟರ್ ಬ್ರಾಕ್ಸ್‌ನ ಆ ಭಾರವಾದ ಕಂಠವನ್ನು ಕೇಳಿ. ಮುಯ್ಯಿ ತೀರಿಸಿಕೊಳ್ಳುವ ಆತುರ ಎಲ್ಲಿಯೂ ಇಲ್ಲ, ನಿಧಾನವಾಗಿ ಎಳೆದು ಹಾಡುವ ಬ್ಲೂಸ್. ಜಾನ್ ಮೂರ್ಸ್‌ಹೆಡ್‌ನ ಗಿಟಾರ್, ಅಲೆಕ್ಸ್ ಡ್ಮೊಚೋವ್‌ಸ್ಕಿಯ ಬೇಸ್, ಎರಡೂ ಹಾಡಿಗೆ ದುಡಿಯುತ್ತವೆ. ಇವರ 1967ರ ‘ವಾರ್ನಿಂಗ್’ ಹಾಡನ್ನು ಹೆವಿ ಮೆಟಲ್ ಬ್ಯಾಂಡ್ ‘ಬ್ಲ್ಯಾಕ್ ಸಬಾತ್’ 1970ರ ತನ್ನ ಮೊದಲ ಆಲ್ಬಮ್‌ನಲ್ಲಿ ಹತ್ತು ನಿಮಿಷಕ್ಕೆ ಹಿಗ್ಗಿಸಿತು. ಇಂದು ಹೆಚ್ಚಿನವರು ಅದನ್ನು ಸಬಾತ್‌ನದೇ ಎಂದುಕೊಂಡಿದ್ದಾರೆ.

ಇನ್ನು ಪ್ರತೀಕಾರದ ಗತಿ ಏನಾಯಿತು? 1969ರಲ್ಲಿ ಬಂದ ಮೂರನೆಯ ಆಲ್ಬಮ್‌ನ ಹೆಸರು ‘ಟು ಮಮ್, ಫ್ರಮ್ ಏನ್ಸ್ಲಿ ಆ್ಯಂಡ್ ದ ಬಾಯ್ಸ್’. ಅಮ್ಮನಿಗೆ ಮಕ್ಕಳ ಕಾಣಿಕೆ! ಅದರ ನಿರ್ಮಾಪಕ ಯಾರೆಂದು ನೋಡಿ ಜೋರಾಗಿಯೇ ನಕ್ಕುಬಿಟ್ಟೆ: ಜಾನ್ ಮೇಯಲ್.

1970ರ ಹೊತ್ತಿಗೆ ಬ್ಯಾಂಡ್ ಮುಗಿದಿತ್ತು. ಡನ್ಬಾರ್ ಅಮೆರಿಕದ ರಾಕ್ ಸಂಗೀತಗಾರ ಫ್ರಾಂಕ್ ಜಪ್ಪಾನ ತಂಡ ಸೇರಿದ, ಮುಂದೆ ‘ಜರ್ನಿ’ ಎಂಬ ರಾಕ್ ಬ್ಯಾಂಡಿನಲ್ಲಿ ನುಡಿಸಿದ. ಕೇಳುವ ಮನಸ್ಸಿದ್ದರೆ 1968ರ ಮೊದಲ ಆಲ್ಬಮ್‌ನಿಂದಲೇ ಶುರುಮಾಡಿ.