ನನ್ನ ಮನೆಗೆ ಒಂದು ತಂತಿ ಎಳೆಯಲು ಯಾರ ಅಪ್ಪಣೆ ಬೇಕು?

ನಮ್ಮ ಕಟ್ಟಡದಲ್ಲಿ ತಂತಿಗಳು ಮೇಲಕ್ಕೆ ಹಾದುಹೋಗುವ ಶಾಫ್ಟಿನ ಬೀಗದ ಕೈ ಕೊಡುವುದಿಲ್ಲ ಎಂದಾದರೆ ಫೋನಿನಲ್ಲೇ ಹೇಳಬಹುದಿತ್ತು. ನಾನು ಕರೆಸಿದ್ದ ಇನ್ನೊಂದು ಇಂಟರ್ನೆಟ್ ಕಂಪನಿಯ ಹುಡುಗ ಹೆಗಲ ಮೇಲೆ ಫೈಬರ್ ಸುರುಳಿ ಹೊತ್ತು ಗೇಟಿನವರೆಗೆ ಬರುವ ತನಕ ಕಾಯಬೇಕಿರಲಿಲ್ಲ. ಕಾಯ್ದರು. ಶಾಲೆಯ ವ್ಯಾನು ಬಂದು ನಿಲ್ಲುವ ಹೊತ್ತು, ಅರ್ಧ ಬ್ಲಾಕಿನ ತಾಯಂದಿರು ಕೆಳಗೆ ನೆರೆದಿರುವ ಹೊತ್ತು. ಅದೇ ಹೊತ್ತಿಗೆ ಕಟ್ಟಡದ ಸಂಘದ ಕಾರ್ಯದರ್ಶಿಗಳು ಇಳಿದು ಬಂದರು.

"ಯಾರನ್ನು ಕೇಳಿ ಇವನನ್ನು ಕರೆಸಿದಿರಿ?" ಎಂದರು. ನನ್ನ ಮುಖ ನೋಡಿಯೂ ಅಲ್ಲ, ಆ ಹುಡುಗನ ಕೈಯಲ್ಲಿದ್ದ ಪೆಟ್ಟಿಗೆಯನ್ನು ನೋಡುತ್ತ.

"ನನ್ನ ಮನೆಗೆ ಸರ್, ನಾನೇ ಕರೆಸಿದ್ದು" ಎಂದೆ.

"ನಿಮ್ಮ ಮನೆಯೇ? ಆ ಮನೆ ಯಾರದು ಎಂದು ನನಗೆ ಗೊತ್ತಿದೆ ಮೇಡಂ. ಬಾಡಿಗೆಯವರಿಗೆ ಇದೆಲ್ಲ ಏಕೆ? ಇರುವ ಇಂಟರ್ನೆಟ್ ಇಡೀ ಕಟ್ಟಡಕ್ಕೆ ಸಾಕಾಗಿದೆ, ನಿಮಗೊಬ್ಬರಿಗೆ ಸಾಲುವುದಿಲ್ಲ. ಸಾಲದಿದ್ದರೆ ಬೇರೆ ಕಡೆ ಮನೆ ನೋಡಿಕೊಳ್ಳಿ."

ಇಷ್ಟು ಹೇಳಿ ನಕ್ಕರು. ಪಕ್ಕದಲ್ಲಿ ನಿಂತಿದ್ದ ಇಬ್ಬರು ಕೂಡ ನಕ್ಕರು. ಅವರಲ್ಲಿ ಒಬ್ಬರ ಮಗ ನನ್ನ ಹತ್ತಿರ ಪಾಠ ಹೇಳಿಸಿಕೊಂಡವನು. ದಿನವೂ "ಊಟ ಆಯಿತೇ ಅಮ್ಮ" ಎಂದು ಕೇಳುವ ಕಾವಲಿನವರು ತಾವೇ ಬರೆದುಕೊಂಡಿದ್ದ ಸಾಲನ್ನು ರಿಜಿಸ್ಟರಿನಲ್ಲಿ ಹೊಡೆದುಹಾಕಿದರು. ಆ ಹುಡುಗ ತಲೆ ತಗ್ಗಿಸಿ ತಂತಿಯನ್ನು ಮತ್ತೆ ಸುತ್ತತೊಡಗಿದ. "ಪರವಾಗಿಲ್ಲ ಅಕ್ಕ, ಇಂಥ ಕಟ್ಟಡಗಳು ಬಹಳ ಇವೆ" ಎಂದು ಅವನೇ ನನಗೆ ಸಮಾಧಾನ ಹೇಳಿದ. ಇಪ್ಪತ್ತೆರಡರ ಹುಡುಗನಿರಬೇಕು. ಅರ್ಧ ದಿನದ ಕೂಲಿ ಕಳೆದುಕೊಂಡವನು ಅವನು, ಸಮಾಧಾನ ನನಗೆ!

ನಾನು ಏನು ಹೇಳಿದೆ? "ಸರಿ ಸರ್." ಅಷ್ಟೇ. ತ್ರಿಕೋನಮಿತಿಯನ್ನು ಗಂಟೆಗಟ್ಟಲೆ ನಿಲ್ಲದೆ ವಿವರಿಸುವ ಗಂಟಲಿನಿಂದ ಅದರಾಚೆ ಒಂದು ಅಕ್ಷರ ಹೊರಡಲಿಲ್ಲ. ಮೇಲೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಹೇಳಬೇಕಾಗಿದ್ದ ಮಾತುಗಳೆಲ್ಲ ಸಾಲುಗಟ್ಟಿ ಬರುತ್ತಿವೆ.

ನನಗೆ ಇಂಟರ್ನೆಟ್ ಮೋಜಿಗಲ್ಲ. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಆನ್‌ಲೈನಿನಲ್ಲಿ ಗಣಿತ ಹೇಳಿಕೊಡುವುದೇ ನನ್ನ ಜೀವನೋಪಾಯ. ಈಗಿರುವ ಕಂಪನಿಯವರು 100 ಎಂಬಿಪಿಎಸ್ ವೇಗ ಎಂದು ಹಣ ಕಟ್ಟಿಸಿಕೊಳ್ಳುತ್ತಾರೆ, ಮೇಲೆ ಶೇ 18 ಜಿಎಸ್‌ಟಿ. ಸಂಜೆಯಾದರೆ ನನ್ನ ಮುಖ ಪರದೆಯ ಮೇಲೆ ಕಲ್ಲಾಗುತ್ತದೆ, ಮಾತು ತುಂಡು ತುಂಡಾಗುತ್ತದೆ. "ಮಿಸ್, ಕೇಳಿಸುತ್ತಿಲ್ಲ" ಎಂದು ಮಕ್ಕಳು ಬರೆಯುತ್ತಾರೆ. ಆದರೆ ಅದೇ ಹೊತ್ತಿನಲ್ಲಿ, ಅದೇ ತಂತಿಯ ಮೇಲೆ, ಪ್ಯಾಕೇಜಿನ ಜೊತೆ ಕೊಟ್ಟಿರುವ ಅವರದೇ ಟಿವಿ ಆ್ಯಪ್‌ನಲ್ಲಿ ಕ್ರಿಕೆಟ್ ಒಂದು ಕ್ಷಣವೂ ನಿಲ್ಲುವುದಿಲ್ಲ. ಇದು ಹೇಗೆ ಸಾಧ್ಯ? ಆ ಪಂದ್ಯವನ್ನು ಅವರು ತಮ್ಮದೇ ಸರ್ವರಿನಲ್ಲಿ ಹತ್ತಿರ ಇಟ್ಟುಕೊಂಡಿರಬಹುದು, ಅದು ತಪ್ಪಲ್ಲ. ನನ್ನ ಪಾಠವನ್ನು ಬೇಕೆಂದೇ ಹಿಂದೆ ತಳ್ಳುತ್ತಿರಲೂಬಹುದು, ಅದು ನಿಯಮಕ್ಕೆ ವಿರುದ್ಧ. ಎರಡರಲ್ಲಿ ಯಾವುದು ಎಂದು ಮನೆಯಲ್ಲಿ ಕುಳಿತ ನಾನು ಹೇಗೆ ಸಾಬೀತು ಮಾಡಲಿ? ಇನ್ನೊಂದು ಕಂಪನಿಯ ಸಂಪರ್ಕವಿದ್ದರೆ ಎರಡನ್ನೂ ಹೋಲಿಸಿ ನೋಡಬಹುದಿತ್ತು. ಆ ಇನ್ನೊಂದು ಸಂಪರ್ಕವೇ ಇವತ್ತು ಗೇಟಿನಿಂದ ಹಿಂದಕ್ಕೆ ಹೋಯಿತು.

2015ರಲ್ಲಿ ನೆಟ್ ನ್ಯೂಟ್ರಾಲಿಟಿ, ಎಂದರೆ ಎಲ್ಲ ತಾಣಗಳನ್ನೂ ಕಂಪನಿಗಳು ಸಮಾನವಾಗಿ ಕಾಣಬೇಕೆಂಬ ತತ್ವ, ಉಳಿಸಿ ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರಕ್ಕೆ, ಅದೇ ಟ್ರಾಯ್‌ಗೆ, 10 ಲಕ್ಷಕ್ಕೂ ಹೆಚ್ಚು ಇಮೇಲ್ ಹೋದವಲ್ಲ, ಅದರಲ್ಲಿ ನನ್ನದೂ ಒಂದು. ಆಯ್ದ ಕೆಲವು ತಾಣಗಳನ್ನು ಮಾತ್ರ ಉಚಿತವಾಗಿ ತೋರಿಸುವ ಫೇಸ್‌ಬುಕ್ಕಿನ ಫ್ರೀ ಬೇಸಿಕ್ಸ್ ಪತ್ರಿಕೆಗಳ ಪುಟ ತುಂಬ ಜಾಹೀರಾತು ಹಾಕಿ ಕುಣಿದರೂ ಜನ ಬಗ್ಗಲಿಲ್ಲ. 2016ರ ಫೆಬ್ರವರಿ 8ರಂದು ಟ್ರಾಯ್ ಆದೇಶ ಹೊರಡಿಸಿತು: ಯಾವ ತಾಣ ನೋಡುತ್ತೀರಿ ಎಂಬುದರ ಮೇಲೆ ಡೇಟಾ ದರ ಬದಲಾಗಕೂಡದು, ಮೀರಿದರೆ ದಿನಕ್ಕೆ 50 ಸಾವಿರ ರೂಪಾಯಿ ದಂಡ, ಗರಿಷ್ಠ 50 ಲಕ್ಷ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಇನ್ನೂ ಮುಂದೆ ಹೋಗಿ, ತಡೆಯುವುದು, ನಿಧಾನಗೊಳಿಸುವುದು, ತಮ್ಮವರಿಗೆ ಮಾತ್ರ ವೇಗ ಕೊಡುವುದು ಕೂಡದು ಎಂಬ ತತ್ವವನ್ನು ಒಪ್ಪಿಕೊಂಡಿತು. ಆ ದಿನ ನನಗಾದ ಸಂತೋಷ ಸುಳ್ಳಲ್ಲ. ಗೆದ್ದೆವು ಎಂದೇ ನಂಬಿದ್ದೆ, ಈಗಲೂ ಅದು ಗೆಲುವೇ.

ಆದರೆ ತಂತಿಯ ಒಳಗೆ ಏನು ಹರಿಯಬೇಕು ಎಂಬುದಕ್ಕೆ ಇಷ್ಟೆಲ್ಲ ಕಾನೂನು ಇದ್ದು, ಯಾರ ತಂತಿ ನನ್ನ ಬಾಗಿಲಿಗೆ ಬರಬೇಕು ಎಂಬುದನ್ನು ಶಾಫ್ಟಿನ ಬೀಗ ಹಿಡಿದವರು ತೀರ್ಮಾನಿಸುತ್ತಾರೆ ಎಂದರೆ ಏನು ಪ್ರಯೋಜನ? ಬಿಟ್ಟು ಹೋಗುತ್ತೇನೆ ಎಂದು ಹೆದರಿಸಲಾಗದ ಗಿರಾಕಿಗೆ ಯಾವ ಕಂಪನಿ ಬೆಲೆ ಕೊಡುತ್ತದೆ? ಅದಕ್ಕೇ ನಾನು ದೂರು ಕೊಟ್ಟಾಗಲೆಲ್ಲ ಯಾರೂ ಬರುವುದಿಲ್ಲ, "ನಿಮ್ಮ ದೂರನ್ನು ಬಗೆಹರಿಸಲಾಗಿದೆ" ಎಂಬ ಸಂದೇಶ ಮಾತ್ರ ಬರುತ್ತದೆ.

ಮೊಬೈಲ್ ಹಾಟ್‌ಸ್ಪಾಟ್ ಬಳಸಿ ಎನ್ನುವವರಿಗೆ ಮೊದಲೇ ಹೇಳಿಬಿಡುತ್ತೇನೆ. ನನ್ನ ಕೋಣೆಯಲ್ಲಿ ಸಿಗ್ನಲ್ ಕಿಟಕಿಯ ಹತ್ತಿರ ಮಾತ್ರ ಸಿಗುತ್ತದೆ. ಸಿಕ್ಕರೂ, ಅಲ್ಲಿ ಆಯ್ಕೆ ಎಲ್ಲಿದೆ? ಒಂದು ಕಾಲಕ್ಕೆ ಹತ್ತಕ್ಕೂ ಹೆಚ್ಚು ಕಂಪನಿಗಳಿದ್ದ ದೇಶ ಇದು. ಏರ್‌ಸೆಲ್ ದಿವಾಳಿಯಾಯಿತು. ಯೂನಿನಾರ್ ಟೆಲಿನಾರ್ ಆಗಿ ಏರ್‌ಟೆಲ್‌ನೊಳಗೆ ಸೇರಿತು, ಟಾಟಾ ಡೊಕೊಮೊ ಕೂಡ ಅಲ್ಲಿಗೇ ಹೋಯಿತು. ವೊಡಾಫೋನ್, ಐಡಿಯಾ ಎರಡೂ 2018ರಲ್ಲಿ ಒಂದಾದವು. ಉಳಿದ ಮೂರು ಖಾಸಗಿ ಕಂಪನಿಗಳು 2024ರ ಜುಲೈ ಮೊದಲ ವಾರದಲ್ಲಿ ಒಂದರ ಹಿಂದೆ ಒಂದು ದರ ಏರಿಸಿದವು. ಬಿಎಸ್‌ಎನ್‌ಎಲ್ ಫೈಬರ್ ಹಾಕಿಸೋಣವೆಂದರೆ ಅದಕ್ಕೂ ಅದೇ ಶಾಫ್ಟು, ಅದೇ ಬೀಗ.

ಈ ರೋಗ ಗೊತ್ತಿಲ್ಲದ್ದೇನೂ ಅಲ್ಲ. ಕಟ್ಟಡದೊಳಗೆ ಒಬ್ಬರಿಗೆ ಮಾತ್ರ ದಾರಿ ಬಿಟ್ಟು ಉಳಿದವರನ್ನು ಹೊರಗಿಡುವ ಒಪ್ಪಂದಗಳು ನಿಲ್ಲಬೇಕು ಎಂದು ಟ್ರಾಯ್ 2017ರ ಜನವರಿಯಲ್ಲೇ ಸರ್ಕಾರಕ್ಕೆ ಶಿಫಾರಸು ಮಾಡಿತ್ತು. 2024ರ ಅಕ್ಟೋಬರಿನಲ್ಲಿ ಕಟ್ಟಡಗಳ ಡಿಜಿಟಲ್ ಸಂಪರ್ಕದ ಗುಣಮಟ್ಟ ಅಳೆದು ನಕ್ಷತ್ರಗಳನ್ನು ಕೊಡುವ ನಿಯಮವನ್ನೂ ತಂದಿತು. ನನಗೆ ನಕ್ಷತ್ರ ಬೇಡ, ಶಾಫ್ಟಿನ ಬಾಗಿಲು ತೆರೆದರೆ ಸಾಕು. ಟ್ರಾಯ್‌ಗೆ ದೂರು ಕೊಡೋಣ ಎಂದರೆ ಅದು ಬಿಡಿ ಗ್ರಾಹಕರ ದೂರನ್ನು ವಿಚಾರಿಸುವುದಿಲ್ಲ. ಕಂಪನಿಗೇ ಹೋಗಬೇಕು, ಅಲ್ಲಿ ಆಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ, ಅವರಿಗೆ 39 ದಿನ ಕಾಲಾವಕಾಶ. ಪೂರ್ವಸಿದ್ಧತಾ ಪರೀಕ್ಷೆ ಅಷ್ಟು ದಿನ ಕಾಯುತ್ತದೆಯೇ?

ಹೋಗಲಿ ಬಿಡಿ. ಕಾರ್ಯದರ್ಶಿಗಳನ್ನೊಬ್ಬರನ್ನೇ ಬೈದು ಏನು ಫಲ. ಸಂಬಳವಿಲ್ಲದ ಕೆಲಸ, ಲಿಫ್ಟು ಕೆಟ್ಟರೂ ಅವರಿಗೇ ಫೋನು, ನೀರಿನ ಟ್ಯಾಂಕರ್ ಬರದಿದ್ದರೂ ಅವರಿಗೇ. ಬಾಡಿಗೆಯ ಮನೆಯಲ್ಲಿ ಇರುವವರು ಹೊಂದಿಕೊಂಡು ಹೋಗಬೇಕು ಎಂದು ನನ್ನ ಅಮ್ಮನೂ ಹೇಳುತ್ತಿದ್ದರು. ಈಗಿನ ಇಂಟರ್ನೆಟ್ಟಿಗೆ ಆರು ತಿಂಗಳ ಹಣ ಮುಂಗಡ ಕಟ್ಟಿಯಾಗಿದೆ, ಅದನ್ನು ಮರಳಿ ಕೊಡುವುದೂ ಇಲ್ಲವಂತೆ.

ಇಲ್ಲ, ಬಿಡಲಾಗುವುದಿಲ್ಲ. ನಿರ್ವಹಣಾ ಶುಲ್ಕ ತಿಂಗಳು ತಿಂಗಳು ನನ್ನ ಖಾತೆಯಿಂದಲೇ ಹೋಗುತ್ತದೆ. ಅದನ್ನು ತೆಗೆದುಕೊಳ್ಳುವಾಗ ಮನೆ ಯಾರದು ಎಂದು ಯಾರೂ ಕೇಳುವುದಿಲ್ಲ. ತಂತಿ ಎಳೆಯುವಾಗ ಮಾತ್ರ ನಾನು ಬಾಡಿಗೆಯವಳೇ? ಮಕ್ಕಳ ಎದುರು ಹಾಗೆ ನಗಲು ಅವರಿಗೆ ಏನು ಹಕ್ಕಿತ್ತು?

ಆ ಕಂಪನಿಗೂ ಸಂಘಕ್ಕೂ ನಡುವೆ ಒಪ್ಪಂದ ಇದ್ದರೆ ಅದರ ಪ್ರತಿಯನ್ನು ಸೂಚನಾ ಫಲಕದ ಮೇಲೆ ಹಚ್ಚಲಿ. ಸಂಘಕ್ಕೆ ಹಣ ಬರುತ್ತಿದ್ದರೆ ಎಷ್ಟು, ಯಾವ ಲೆಕ್ಕದಲ್ಲಿ ಎಂದು ಹೇಳಲಿ. ಒಪ್ಪಂದವೇ ಇಲ್ಲದಿದ್ದರೆ ಆ ಹುಡುಗನನ್ನು ಯಾವ ಕಾರಣಕ್ಕೆ ಹಿಂದಕ್ಕೆ ಕಳಿಸಿದರು ಎಂದು ಬರೆದು ಕೊಡಲಿ. ದೂರಸಂಪರ್ಕ ಸೇವೆಯ ಬಗ್ಗೆ ಗ್ರಾಹಕರ ಆಯೋಗಕ್ಕೆ ಹೋಗಬಹುದು ಎಂದು 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ, ಹಾಗಾಗಿ ಕಂಪನಿಯ ಮೇಲೆ ನಾನು ಹೋಗಬಲ್ಲೆ. ಸಂಘದ ಮೇಲೆ? ಮನೆಯ ಮಾಲೀಕರ ಸಹಿ ಇಲ್ಲದೆ ಬಾಡಿಗೆಯವರು ಆ ಒಪ್ಪಂದದ ಪ್ರತಿ ಕೇಳಬಹುದೇ? ವಕೀಲರಿದ್ದರೆ, ಇಂಥದೇ ಕಟ್ಟಡದಲ್ಲಿ ಹೋರಾಡಿ ಎರಡನೆಯ ತಂತಿ ತರಿಸಿಕೊಂಡವರಿದ್ದರೆ, ದಯವಿಟ್ಟು ಉತ್ತರಿಸಿ. "ಮನೆ ಬದಲಾಯಿಸಿ" ಎಂದು ಮಾತ್ರ ಬರೆಯಬೇಡಿ. ಅದನ್ನು ಇವತ್ತು ಒಮ್ಮೆ ಕೇಳಿಸಿಕೊಂಡಿದ್ದೇನೆ.